ಗುಜರಿ ಕೊಕ್ಕರೆಗೆ ಬೆಳ್ಳಿ ಬೆಸುಗೆ: 56 ಪರ್ಸೆಂಟ್ ಸಿಲ್ವರ್ ಬ್ರೇಜಿಂಗ್ ರಾಡ್ ಬಳಸಿ ನೋಡಿದ್ದು

ಶೆಡ್ಡಿನ ಮೂಲೇಲಿ ಸುಮಾರು ದಿನದಿಂದ ಬಿದ್ದಿದ್ದ ಸಾಮಾನು ಸೇರಿಸಿ ಒಂದು ಕೊಕ್ಕರೆ ಮಾಡ್ತಿದ್ದೆ. ಮೈಗೆ ಹಳೇ ಹೊಲಿಗೆ ಮೆಷಿನ್ನಿನ ಬೀಡು ಕಬ್ಬಿಣದ ಚಕ್ರ, ಕುತ್ತಿಗೆಗೆ ತಾಮ್ರದ ಪೈಪು, ಕುತ್ತಿಗೆ ಬುಡಕ್ಕೆ ಹಿತ್ತಾಳೆ ವಾಲ್ವಿಂದ ಕತ್ತರಿಸಿದ ಒಂದು ತುಂಡು, ರೆಕ್ಕೆಗೆ ಸ್ಟೈನ್‌ಲೆಸ್ ಸ್ಪೂನುಗಳು, ಕಾಲಿಗೆ ಸ್ಪ್ರಿಂಗ್ ಸ್ಟೀಲಿನ ಕಂಬಿ. ಕೊಕ್ಕಿಗೆ ಮಾತ್ರ ಒಂದು ಬಾಗಿಲ ಹಿಡಿ, ಅದರ ಕಥೆ ಆಮೇಲೆ ಹೇಳ್ತೀನಿ. ನೋಡೋಕೆ ಎಲ್ಲಾ ಲೋಹವೇ, ಆದ್ರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಕರಗೋ ಬಿಸಿ ಬೇರೆ, ಹಿಗ್ಗೋ ಅಳತೆ ಬೇರೆ, ಮೇಲಿನ ಪೊರೆ ಬೇರೆ. ಇವನ್ನ ಒಂದಕ್ಕೊಂದು ಹೇಗೆ ಕೂಡಿಸೋದು ಅಂತ ಒದ್ದಾಡಿ ಕೊನೆಗೆ ನಾನು ನಿಂತಿದ್ದು ಬೆಳ್ಳಿ ಇರೋ ಬ್ರೇಜಿಂಗ್ (ಸಂದಿಗೆ ಬೇರೆ ಲೋಹ ಕರಗಿಸಿ ಹರಿಸೋ ಬೆಸುಗೆ) ರಾಡ್ ಹತ್ರ. ಕಂಪನಿ ಹೆಸರು ಬೇಡ, ಯಾಕಂದ್ರೆ ಇಲ್ಲಿ ಮುಖ್ಯ ಆಗೋದು ರಾಡ್ ಒಳಗೆ ಏನಿದೆ ಅನ್ನೋದು.

ನಾನು ತಗೊಂಡಿದ್ದು 56 ಪರ್ಸೆಂಟ್ ಬೆಳ್ಳಿ, 22 ತಾಮ್ರ, 17 ಸತು, 5 ತವರ ಇರೋದು. 1.5 ಎಂಎಂ ದಪ್ಪದ ಕಡ್ಡಿಗಳು, ಜೊತೆಗೆ ಒಂದು ಡಬ್ಬಿ ಬಿಳಿ ಪೇಸ್ಟ್ ಫ್ಲಕ್ಸು (ಲೋಹದ ಮೇಲಿನ ಪೊರೆ ತೆಗೆದು ಬೆಳ್ಳಿ ಹಿಡಿಯೋ ಹಾಗೆ ಮಾಡೋ ಲೇಪ). ಈ ರಾಡು 618 ಡಿಗ್ರಿ ಸೆಲ್ಸಿಯಸ್‌ಗೆ ಕರಗೋಕೆ ಶುರು ಮಾಡಿ 652ಕ್ಕೆ ಪೂರ್ತಿ ನೀರಾಗುತ್ತೆ. ತಾಮ್ರ ಕರಗೋದು 1085ಕ್ಕೆ, ಕಬ್ಬಿಣ ಅದಕ್ಕಿಂತ ಮೇಲೆ, ಹಿತ್ತಾಳೆ ಸುಮಾರು 900ರ ಆಸುಪಾಸು. ಅಂದ್ರೆ ಮೂಲ ಲೋಹ ಯಾವುದೂ ಕರಗಲ್ಲ, ಮಧ್ಯದ ಸಂದಿಗೆ ಮಾತ್ರ ಬೆಳ್ಳಿ ಹರಿಯುತ್ತೆ. ಬೇರೆ ಬೇರೆ ಜಾತಿ ಲೋಹ ಕೂಡಿಸೋರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ, ಯಾಕಂದ್ರೆ ವೆಲ್ಡಿಂಗಲ್ಲಿ ಎರಡೂ ಕರಗಿ ಒಂದರೊಳಗೊಂದು ಬೆರೀಬೇಕು, ಹಿತ್ತಾಳೆ ಮತ್ತೆ ಬೀಡು ಕಬ್ಬಿಣ ಹಾಗೆ ಬೆರೆಯೋಕೆ ಒಪ್ಪಲ್ಲ. ಮೊದಲು ಮಿಗ್ ವೆಲ್ಡರ್ (ಕರೆಂಟಲ್ಲಿ ತಂತಿ ಕರಗಿಸಿ ಬೆಸೆಯೋ ಮೆಷಿನ್ನು) ಹಿಡಿದು ನೋಡಿದ್ದೆ, ಹಿತ್ತಾಳೆ ಒಳಗಿನ ಸತು ಕುದ್ದು (ಅದು 907 ಡಿಗ್ರಿಗೇ ಕುದಿಯುತ್ತೆ) ಬಿಳಿ ಹೊಗೆ ಎದ್ದು, ಉಳಿದಿದ್ದು ಜೇನುಗೂಡಿನ ಥರ ತೂತು ತೂತು, ಪಕ್ಕದಲ್ಲಿ ಬೀಡು ಟಕ್ ಅಂತ ಸೀಳು ಬಿಡ್ತು. ಆ ಟಕ್ ಸದ್ದು ಕೇಳಿದವರಿಗೆ ಗೊತ್ತು ಎದೆ ಹೇಗಾಗುತ್ತೆ ಅಂತ.

ಫ್ಲಕ್ಸ್ ಬಗ್ಗೆ ಮೊದಲು ಹೇಳ್ಬಿಡ್ತೀನಿ, ನನ್ನ ಪ್ರಕಾರ ಅರ್ಧ ಮಾರ್ಕ್ಸ್ ಅದಕ್ಕೇ ಸಲ್ಲಬೇಕು. ಬರೀ ಬಿಳಿಗಾರ ಸಾಲಲ್ವಾ ಅಂತ ಕೇಳ್ಬಹುದು. ಬಿಳಿಗಾರ ಒಂದೇ ಆದ್ರೆ ಅದು ಕರಗೋದೇ 740 ಡಿಗ್ರಿ ಹತ್ರ, ಅಷ್ಟೊತ್ತಿಗೆ ಈ ರಾಡು ಕರಗಿ ಎಷ್ಟೋ ಹೊತ್ತಾಗಿರುತ್ತೆ. ಅದಕ್ಕೇ ಫ್ಲೋರೈಡ್ ಬೆರೆಸಿದ ಬಿಳಿ ಪೇಸ್ಟು. ಇದರ ಚೆಂದ ಏನಂದ್ರೆ ಬಿಸಿ ಎಷ್ಟಾಗಿದೆ ಅಂತ ಅದೇ ತೋರಿಸುತ್ತೆ. 100 ಡಿಗ್ರಿಗೆ ನೀರು ಗುಳುಗುಳು ಅಂತ ಆರುತ್ತೆ, 300 ದಾಟಿದ ಮೇಲೆ ಬೆಳ್ಳಗೆ ಉಬ್ಬಿಕೊಳ್ಳುತ್ತೆ, 425ರ ಹತ್ರ ಮತ್ತೆ ಕೆಳಗೆ ಕೂತು ಹಾಲಿನ ಬಣ್ಣಕ್ಕೆ ತಿರುಗುತ್ತೆ, 590 ದಾಟ್ತಿದ್ದ ಹಾಗೆ ಥಟ್ಟಂತ ತಿಳಿನೀರಾಗಿ ಕೆಳಗಿನ ಲೋಹ ಕನ್ನಡಿ ಥರ ಫಳಫಳ ಕಾಣುತ್ತೆ. ಆ ತಿಳಿಯಾಗೋ ಕ್ಷಣ ಕಣ್ಣಿಗೆ ಬಿತ್ತು ಅಂದ್ರೆ ಇನ್ನು ಸ್ವಲ್ಪ ಬಿಸಿ ಸಾಕು, ರಾಡ್ ಮುಟ್ಟಿಸಬಹುದು. ಥರ್ಮಾಮೀಟರ್ ಬೇಕಿಲ್ಲ.

ನನ್ನ ಡಬ್ಬೀಲಿ ಮಾತ್ರ ಪೇಸ್ಟು ಅರ್ಧಕ್ಕರ್ಧ ಗಟ್ಟಿಯಾಗಿ ಹರಳು ಕಟ್ಟಿತ್ತು, ಎಷ್ಟು ದಿನ ಅಂಗಡೀಲಿ ಕೂತಿತ್ತೋ. ಸ್ವಲ್ಪ ನೀರು ಹಾಕಿ ಬಿಸಿನೀರಲ್ಲಿ ಡಬ್ಬಿ ಇಟ್ಟು ಕಲಸಿದ ಮೇಲೆ ಸರಿಹೋಯ್ತು, ಕೆಲಸಕ್ಕೇನೂ ತೊಂದರೆ ಆಗಲಿಲ್ಲ. ಆದ್ರೂ ಹೊಸ ಡಬ್ಬಿ ಅಂತ ಕೊಟ್ಟವರು ಹಾಗಿರೋದು ಕೊಡಬಾರದಿತ್ತು.

ಈಗ ಕುತ್ತಿಗೆ ಬುಡದ ಜಾಯಿಂಟ್. ಈ ರಿವ್ಯೂ ಬರೆಯೋಕೆ ಕಾರಣನೇ ಅದು. ಚಕ್ರದ ನಡುವಿನ ತೂತು 20 ಎಂಎಂ, ಹಿತ್ತಾಳೆ ತುಂಡು ಅದರೊಳಗೆ ಕೂರಬೇಕು. ಬೆಳ್ಳಿ ಬೆಸುಗೆಗೆ ಸಂದಿ 0.05ರಿಂದ 0.13 ಎಂಎಂ ಒಳಗಿದ್ರೆ ಬತ್ತಿ ಎಣ್ಣೆ ಹೀರಿಕೊಳ್ಳೋ ಹಾಗೆ ತಾನಾಗೇ ಒಳಗೆಳ್ಕೊಳ್ಳುತ್ತೆ. ಅದಕ್ಕಿಂತ ಅಗಲ ಆದ್ರೆ ಸೋರಿ ಹೋಗುತ್ತೆ, ಕಮ್ಮಿ ಆದ್ರೆ ಫ್ಲಕ್ಸೂ ಒಳಗೆ ಹೋಗಲ್ಲ. ಗುಜರಿ ಸಾಮಾನು ಅಂದ್ಮೇಲೆ ಅಳತೆ ಯಾವತ್ತೂ ಸೇರಲ್ಲ, ಹಾಗಾಗಿ ಲೇತಲ್ಲೋ ಅರದಲ್ಲೋ ಕೂತು ಸರಿ ಮಾಡ್ಕೋಬೇಕು. ಅಲ್ಲೇ ಇನ್ನೊಂದು ವಿಷಯ ಇದೆ. ಹಿತ್ತಾಳೆ ಮೀಟರ್‌ಗೆ ಒಂದೊಂದು ಡಿಗ್ರಿಗೂ ಸುಮಾರು 19 ಮೈಕ್ರೋಮೀಟರ್ ಹಿಗ್ಗುತ್ತೆ, ಬೀಡು ಕಬ್ಬಿಣ 11 ಹತ್ರ. 20 ಎಂಎಂ ವ್ಯಾಸ, 600 ಚಿಲ್ಲರೆ ಡಿಗ್ರಿ ಬಿಸಿ ಅಂತ ಲೆಕ್ಕ ಹಾಕಿದ್ರೆ ಹಿತ್ತಾಳೆ ಕಬ್ಬಿಣಕ್ಕಿಂತ ಹತ್ತತ್ರ 0.1 ಎಂಎಂ ಜಾಸ್ತಿ ಉಬ್ಬುತ್ತೆ. ತಣ್ಣಗಿದ್ದಾಗ ಅಳತೆ ಕರೆಕ್ಟಾಗಿದೆ ಅಂತ ಕೂರಿಸಿ ಬಿಸಿ ಮಾಡಿದ್ರೆ ಸಂದಿ ಮುಚ್ಚಿಹೋಗಿ ಬೆಳ್ಳಿ ಹೊರಗೇ ನಿಲ್ಲುತ್ತೆ. ನನ್ನ ಮೊದಲನೇ ಪ್ರಯತ್ನ ಹಾಗೇ ಆಯ್ತು, ಹೊರಗೆ ಸುತ್ತಲೂ ಅಚ್ಚುಕಟ್ಟಾದ ಉಂಗುರ, ಒಳಗೆ ಒಂದು ಹನಿ ಇಲ್ಲ, ಕೈಯಲ್ಲಿ ತಿರುಗಿಸಿದ್ರೆ ಬಂತು. ಎರಡನೇ ಸಲ ಹಿತ್ತಾಳೇನ ಆ 0.1 ಎಂಎಂ ಎಕ್ಸ್ಟ್ರಾ ಸಣ್ಣ ಮಾಡಿ ಕೂರಿಸಿದೆ. ಆಯ್ಕೆ ನಿಮ್ಮ ಕೈಲಿದ್ರೆ ಹಿತ್ತಾಳೆ ಅಥವಾ ತಾಮ್ರ ಹೊರಗೆ, ಕಬ್ಬಿಣ ಒಳಗೆ ಬರೋ ಹಾಗೆ ಮಾಡಿ. ಆಗ ಆರುವಾಗ ಹೊರಗಿನದು ಒಳಗಿನದನ್ನ ಬಿಗಿಯಾಗಿ ಅಪ್ಪಿಕೊಳ್ಳುತ್ತೆ. ಆದ್ರೆ ಬಿಸೀಲಿ ಸಂದಿ ಅಗಲ ಆಗೋದ್ರಿಂದ ತಣ್ಣಗಿದ್ದಾಗ ಬಿಗಿಯಾಗೇ ಕೂರಿಸ್ಬೇಕು.

ಬೀಡು ಕಬ್ಬಿಣದ ತಲೆನೋವು ಬೇರೆ. ಅದರೊಳಗೆ ಪೆನ್ಸಿಲ್ ಸೀಸದ ಥರ ಗ್ರಾಫೈಟ್ ಇರುತ್ತೆ, ಗ್ರೈಂಡರ್ ಹಾಕಿದ್ರೆ ಅದು ಮೇಲೆಲ್ಲಾ ಸವರಿಕೊಂಡು ಬೆಳ್ಳೀನ ಹತ್ರ ಸೇರಿಸಲ್ಲ, ಬೆಳ್ಳಿ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಗುಂಡಾಗಿ ಉರುಳ್ತಿರುತ್ತೆ. ಆಮ್ಲಜನಕ ಸ್ವಲ್ಪ ಜಾಸ್ತಿ ಇರೋ ಉರಿಯಿಂದ ಮೇಲ್ಮೈ ಸುಟ್ಟು, ಸ್ಟೀಲ್ ಬ್ರಷ್ಷಲ್ಲಿ ಉಜ್ಜಿ, ಮತ್ತೆ ಸುಟ್ಟು ಮತ್ತೆ ಉಜ್ಜಿ, ಮೂರು ಸಲ ಮಾಡಿದ ಮೇಲೆ ಹಿಡೀತು. ಎಣ್ಣೆಯೂ ಇದ್ದೇ ಇರುತ್ತೆ, ಎಷ್ಟೋ ವರ್ಷದ್ದು, ಒರೆಸಿದಷ್ಟೂ ಬಿಸಿಗೆ ಮತ್ತೆ ಬೆವರುತ್ತೆ. ಅಸಿಟೋನಲ್ಲಿ ತೊಳೀರಿ. ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಮಾತ್ರ ಬಿಸಿ ಕೆಲಸದ ಹತ್ರಕ್ಕೂ ತರಬೇಡಿ, ಬೆಂಕಿ ತಾಗಿದ್ರೆ ಫಾಸ್ಜೀನ್ ಅನ್ನೋ ವಿಷದ ಗಾಳಿ ಹುಟ್ಟುತ್ತೆ.

ಉರಿ ಹಿಡಿಯೋದರಲ್ಲೂ ಒಂದು ಹದ ಇದೆ. ತಾಮ್ರ ಬಿಸೀನ ಸ್ಟೀಲಿಗಿಂತ ಏಳೆಂಟು ಪಟ್ಟು ಜೋರಾಗಿ ಎಳ್ಕೊಂಡು ಹೋಗುತ್ತೆ, ಸ್ಟೈನ್‌ಲೆಸ್ ಅಂತೂ ಇಟ್ಟ ಬಿಸಿ ಇಟ್ಟಲ್ಲೇ ಇಟ್ಕೊಂಡು ಕೂತಿರುತ್ತೆ. ಎರಡಕ್ಕೂ ಸಮಾನ ಉರಿ ತೋರಿಸಿದ್ರೆ ಸ್ಪೂನು ಕೆಂಪಾಗಿ ಸುಟ್ಟಿರುತ್ತೆ, ತಾಮ್ರ ಇನ್ನೂ ಬೆಚ್ಚಗೂ ಆಗಿರಲ್ಲ. ಹಾಗಾಗಿ ಟಾರ್ಚು ದಪ್ಪ ಇರೋ ಕಡೆ, ತಾಮ್ರ ಇರೋ ಕಡೆ ಆಡ್ತಿರಬೇಕು, ತೆಳ್ಳಗಿನದಕ್ಕೆ ಕೊನೇಲಿ ಒಂದು ಸಲ ಸವರಿದ್ರೆ ಸಾಕು. ರಾಡನ್ನ ಉರಿಯಲ್ಲಿ ಕರಗಿಸಿ ತೊಟ್ಟಿಕ್ಕಿಸಬೇಡಿ, ಬಿಸಿಯಾದ ಲೋಹಕ್ಕೆ ಮುಟ್ಟಿಸಿ, ಲೋಹವೇ ಕರಗಿಸಿಕೊಳ್ಳಲಿ. ನಾನು ಚಕ್ರದ ಮೇಲ್ಗಡೆ ರಾಡ್ ಮುಟ್ಟಿಸಿ ಉರೀನ ಕೆಳಗಡೆ ತಿರುಗಿಸಿದೆ. ಬೆಳ್ಳಿ ಬಿಸಿ ಇದ್ದ ಕಡೆಗೆ ಓಡುತ್ತೆ. ಒಂದೆರಡು ಸೆಕೆಂಡು ಏನೂ ಆಗಲಿಲ್ಲ, ಆಮೇಲೆ ಆ ಕೆಳಗಿನ ಅಂಚಲ್ಲಿ ಕೂದಲೆಳೆಯಷ್ಟು ಸಣ್ಣ ಬಿಳೀ ಗೆರೆ ಮಿಂಚಿ, ಸುತ್ತಾ ಒಂದು ಪ್ರದಕ್ಷಿಣೆ ಹಾಕಿ ಸೇರ್ಕೊಳ್ತು. ಮೇಲೆ ಕೊಟ್ಟಿದ್ದು ಕೆಳಗೆ ಬಂತು ಅಂದ್ರೆ ನಡುವೆ ಎಲ್ಲಾ ತುಂಬಿದೆ ಅಂತ. ಆ ಗೆರೆ ನೋಡಿದಾಗ ಆದ ಖುಷಿ ನಾನು ಹೇಗೆ ಬರೆಯಲಿ ಗೊತ್ತಾಗ್ತಿಲ್ಲ.

ಬೀಡು ಚಕ್ರ ದೊಡ್ಡದಾದ್ರೆ ಬರೀ ಪ್ರೊಪೇನ್ ಟಾರ್ಚ್ ಸಾಲಲ್ಲ ಅನ್ನೋದನ್ನೂ ಹೇಳ್ಬೇಕು. ನಾನು ಸುತ್ತಾ ಬೆಂಕಿ ಇಟ್ಟಿಗೆ ಜೋಡಿಸಿ ಮೊದಲು ಇಡೀ ಚಕ್ರ ನಿಧಾನಕ್ಕೆ ಕಾಯಿಸಿ, ಆಮೇಲೆ ನಡುವಿಗೆ ಆಕ್ಸಿ-ಪ್ರೊಪೇನ್ (ಆಮ್ಲಜನಕ ಬೆರೆಸಿದ ಪ್ರೊಪೇನ್ ಉರಿ) ಹಿಡಿದೆ, ಮುಗಿದ ಮೇಲೆ ಮರಳಲ್ಲಿ ಹೂತಿಟ್ಟು ರಾತ್ರಿಯಿಡೀ ಆರಲು ಬಿಟ್ಟೆ. ಸೀಳು ಬರಲಿಲ್ಲ.

ಸ್ಪೂನುಗಳು ಅರ್ಧ ಪಾಸು. ಸ್ಟೈನ್‌ಲೆಸ್ ಮೇಲೆ ಕ್ರೋಮಿಯಂ ಆಕ್ಸೈಡಿನ ಪೊರೆ ಇರುತ್ತೆ, ಬಿಳಿ ಫ್ಲಕ್ಸು ಅದನ್ನ ತಿನ್ನುತ್ತೆ ಆದ್ರೆ ಕೈ ಬೇಗ ಆಗಬೇಕು. ಉರಿ ಹೊತ್ತು ಹಿಡಿದ್ರೆ ಫ್ಲಕ್ಸು ಸುಸ್ತಾಗಿ ಕಪ್ಪಾಗುತ್ತೆ, ಆಮೇಲೆ ಎಷ್ಟು ರಾಡ್ ಸುರಿದ್ರೂ ಹಿಡಿಯಲ್ಲ, ಎಲ್ಲಾ ಕೆರೆದು ಮೊದಲಿಂದ ಶುರು ಮಾಡ್ಬೇಕು. ಹದಿನೆಂಟರಲ್ಲಿ ನಾಲ್ಕು ನಂಗೆ ಹೀಗೇ ಕೆಟ್ಟವು. ಇದಕ್ಕೆ ಬೋರಾನ್ ಸೇರಿಸಿದ ಕಪ್ಪು ಫ್ಲಕ್ಸ್ ಸಿಗುತ್ತೆ, ಅದು ಜಾಸ್ತಿ ಹೊತ್ತು ತಡ್ಕೊಳ್ಳುತ್ತೆ, ಮುಂದಿನ ಸಲ ಅದೇ ತಗೋತೀನಿ. ಇನ್ನೊಂದು, ನಿಮ್ಮ ಶಿಲ್ಪ ಮಳೇಲಿ ನಿಲ್ಲೋದಾದ್ರೆ ಸ್ಟೈನ್‌ಲೆಸ್ ಜಾಯಿಂಟಿಗೆ ಈ 56 ಪರ್ಸೆಂಟಿಂದು ಬೇಡ, 50 ಪರ್ಸೆಂಟ್ ಬೆಳ್ಳಿ 2 ಪರ್ಸೆಂಟ್ ನಿಕ್ಕಲ್ ಇರೋದು ತಗೊಳ್ಳಿ. ನಿಕ್ಕಲ್ ಇಲ್ಲದ್ದು ನೀರು ಕುಡಿದು ಕುಡಿದು ಬೆಳ್ಳಿಗೂ ಸ್ಟೈನ್‌ಲೆಸ್‌ಗೂ ನಡುವಿನ ಗೆರೆಯಲ್ಲೇ ತುಕ್ಕು ಹತ್ತಿ ಕಳಚಿ ಬೀಳುತ್ತೆ.

ಕಾಲಿನ ವಿಷಯದಲ್ಲಿ ನನಗೆ ನಿಜವಾಗ್ಲೂ ಸಿಟ್ಟಿದೆ. ಈ ರಾಡಿಗೆ ಮುಂಚೆ ಒಬ್ಬರ ಹತ್ರ ಸಿಲ್ವರ್ ಬ್ರೇಜಿಂಗ್ ರಾಡ್ ಅಂತಲೇ ಕೇಳಿ ತಗೊಂಡಿದ್ದೆ, ಕಬ್ಬಿಣಕ್ಕೆ ಆಗುತ್ತಾ ಅಂತಾನೂ ಕೇಳಿದ್ದೆ, ಎಲ್ಲದಕ್ಕೂ ಆಗುತ್ತೆ ಅಂದ್ರು. ಅದರಲ್ಲಿದ್ದಿದ್ದು 5 ಪರ್ಸೆಂಟ್ ಬೆಳ್ಳಿ, ಉಳಿದಿದ್ದು ತಾಮ್ರ ಮತ್ತೆ ರಂಜಕ. ತಾಮ್ರಕ್ಕೆ ತಾಮ್ರ ಕೂಡಿಸೋಕೆ ಅದು ಒಳ್ಳೇ ರಾಡು, ಫ್ಲಕ್ಸೂ ಬೇಡ, ರಂಜಕವೇ ಆ ಕೆಲಸ ಮಾಡುತ್ತೆ. ಆದ್ರೆ ಕಬ್ಬಿಣ ಸಿಕ್ತು ಅಂದ್ರೆ ರಂಜಕ ಕಬ್ಬಿಣದ ಜೊತೆ ಸೇರಿ ಗಾಜಿನಂಥ ಪೆಡಸು ಪದರ ಕಟ್ಟುತ್ತೆ. ನೋಡೋಕೆ ಜಾಯಿಂಟ್ ಸೊಗಸಾಗಿತ್ತು, ಎರಡು ದಿನ ನಿಂತೂ ನಿಂತಿತ್ತು. ಮೂರನೇ ದಿನ ಕೊಕ್ಕರೇನ ಸ್ವಲ್ಪ ಪಕ್ಕಕ್ಕೆ ಸರಿಸಿದೆ, ಒಣ ಕಡ್ಡಿ ಮುರಿದ ಹಾಗೆ ಲಟಕ್ ಅಂತು, ಇಡೀ ಮೈ ನನ್ನ ಕಡೆಗೇ ವಾಲಿ ಬಂತು. ಮುರಿದ ಜಾಗ ನೋಡಿದ್ರೆ ಒಂದು ಎಳೆಯೂ ಹಿಗ್ಗಿಲ್ಲ, ನೀಟಾಗಿ ಬೂದು ಬಣ್ಣದ ಮುಖ. ಪ್ಯಾಕೆಟ್ ಮೇಲೆ ದೊಡ್ಡದಾಗಿ ಸಿಲ್ವರ್ ಅಂತ ಬರೆದು ರಂಜಕದ ಮಾತು ಎಲ್ಲೂ ಇಲ್ಲ ಅಂದ್ರೆ ಹೇಗೆ. ದಯವಿಟ್ಟು ಕೊಳ್ಳೋ ಮುಂಚೆ ಒಳಗೇನಿದೆ ಅಂತ ಪರ್ಸೆಂಟ್ ಕೇಳಿ, ಬರೆದು ಕೊಡದಿದ್ರೆ ಬಿಟ್ಟು ಬನ್ನಿ.

ಹಾಗೇ ಕ್ಯಾಡ್ಮಿಯಂ. ಹಳೇ ಬೆಳ್ಳಿ ರಾಡುಗಳಲ್ಲಿ 24 ಪರ್ಸೆಂಟ್‌ವರೆಗೂ ಕ್ಯಾಡ್ಮಿಯಂ ಇರ್ತಿತ್ತು, 45 ಪರ್ಸೆಂಟ್ ಬೆಳ್ಳಿ ಇದ್ರೂ 618 ಡಿಗ್ರಿಗೇ ಹರಿಯೋದು, ಕೆಲಸಕ್ಕೆ ಬೆಣ್ಣೆ ಥರ. ಆದ್ರೆ ಅದರ ಹೊಗೆ ಪ್ರಾಣ ತೆಗೆಯೋವಂಥದ್ದು, ಆ ಹೊತ್ತಿಗೆ ಏನೂ ಅನ್ಸಲ್ಲ, ಗಂಟೆಗಳಾದ ಮೇಲೆ ಶ್ವಾಸಕೋಶ ನೀರು ತುಂಬ್ಕೊಳ್ಳುತ್ತೆ. ಯಾರೋ ಹಳೇ ಸ್ಟಾಕು ಕೊಡ್ತೀನಿ ಅಂದ್ರೆ ತಗೋಬೇಡಿ. ನಾನು ಬಳಸಿದ 56 ಪರ್ಸೆಂಟಿಂದರಲ್ಲಿ ಕ್ಯಾಡ್ಮಿಯಂ ಇಲ್ಲ, ಲೇಬಲ್ ಮೇಲೂ ಸ್ಪಷ್ಟವಾಗಿ ಇದೆ, ಅದಕ್ಕೊಂದು ಮೆಚ್ಚುಗೆ. ಫ್ಲಕ್ಸಿನ ಹೊಗೇಲಿ ಫ್ಲೋರೈಡ್ ಇರೋದ್ರಿಂದ ಬಾಗಿಲು ಕಿಟಕಿ ತೆಗೆದು ಗಾಳಿ ಬೆನ್ನ ಹಿಂದಿಂದ ಬರೋ ಹಾಗೆ ಕೂರಲೇಬೇಕು. ಸತು ಲೇಪ ಇರೋ ಸಾಮಾನು ಸಿಕ್ಕಿದ್ರೆ ಲೇಪ ತೆಗೆದೇ ಬಿಸಿ ಮಾಡಿ, ಇಲ್ಲಾಂದ್ರೆ ಸಂಜೆ ಹೊತ್ತಿಗೆ ಚಳಿ ಜ್ವರ ಬಂದು ಮಲಗಿಸುತ್ತೆ. ಮತ್ತೆ ಎರಡೂ ತುದಿ ಮುಚ್ಚಿದ ಪೈಪು, ಟೊಳ್ಳು ಗುಂಡು, ಶಾಕ್ ಅಬ್ಸಾರ್ಬರ್ ಇಂಥವಕ್ಕೆ ಉರಿ ತೋರಿಸಲೇಬೇಡಿ. ಪೈಪು ಗುಂಡಿಗಾದ್ರೆ ಮೊದಲು ತೂತು ಹೊಡೀರಿ, ಶಾಕ್ ಅಬ್ಸಾರ್ಬರ್ ಒಳಗೆ ಒತ್ತಡದ ಗ್ಯಾಸ್ ಇರೋದ್ರಿಂದ ಅದರ ತಂಟೆಗೇ ಹೋಗ್ಬೇಡಿ.

ರಾಡ್ ಬದಲಾಯಿಸಿದ ಮೇಲೆ ಕಾಲು ನಿಂತಿತು. ಆದ್ರೆ ಸ್ಪ್ರಿಂಗ್ ಸ್ಟೀಲು ಅಷ್ಟು ಬಿಸಿಗೆ ತನ್ನ ಬಿಗುವು ಕಳ್ಕೊಳ್ಳುತ್ತೆ, ಜಾಯಿಂಟ್ ಪಕ್ಕದ ಒಂದೆರಡು ಇಂಚು ಮೆತ್ತಗಾಗಿ ಮೈಭಾರಕ್ಕೆ ನಿಧಾನವಾಗಿ ಬಗ್ಗಿತು. ಇದು ರಾಡಿನ ತಪ್ಪಲ್ಲ, ಯಾವ ಬಿಸಿ ಕೆಲಸದಲ್ಲೂ ಹೀಗೇ. ಕೊನೆಗೆ ಮೆದು ಸ್ಟೀಲಿನ ಒಂದು ಗಿಡ್ಡ ಕೊಳವೇನ ಕಾಲಡಿಯ ತಟ್ಟೆಗೆ ಬೆಳ್ಳಿಯಲ್ಲಿ ಬೆಸೆದು, ಕಂಬೀನ ತಣ್ಣಗೇ ಅದರೊಳಗೆ ತೂರಿಸಿ ಎರಡು ಗ್ರಬ್ ಸ್ಕ್ರೂ (ತಲೆ ಇಲ್ಲದ ಸಣ್ಣ ಸ್ಕ್ರೂ) ಬಿಗಿದೆ. ಈಗ ಕೊಕ್ಕರೆ ತಳ್ಳಿದ್ರೆ ಅಲ್ಲಾಡಿ ಮತ್ತೆ ಸರಿಯಾಗಿ ನಿಲ್ಲುತ್ತೆ, ಅದೇ ನನಗೆ ಬೇಕಾಗಿದ್ದ ನಿಲುವು.

ಬಾಗಿಲ ಹಿಡಿ. ಹಿತ್ತಾಳೆ ಥರ ಹೊಳೀತಿತ್ತು, ಕೈಲಿ ಭಾರ ಇತ್ತು, ಮ್ಯಾಗ್ನೆಟ್ ಹಿಡಿಯಲಿಲ್ಲ, ಹಿತ್ತಾಳೆನೇ ಅಂತ ನಂಬಿ ಟಾರ್ಚ್ ಹಿಡಿದೆ. ಫ್ಲಕ್ಸ್ ಇನ್ನೂ ಹಾಲು ಬಣ್ಣಕ್ಕೂ ಬಂದಿರಲಿಲ್ಲ, ಹಿಡಿ ಕುಸಿದು ಇಟ್ಟಿಗೆ ಮೇಲೆ ಕೊಚ್ಚೆ ಆಯ್ತು. ಅದು ಸತುವಿನ ಡೈ-ಕಾಸ್ಟು (ಅಚ್ಚಿಗೆ ಹೊಯ್ದಿದ್ದು), 385 ಡಿಗ್ರಿ ಆಸುಪಾಸಿಗೇ ಕರಗುತ್ತೆ, ಮೇಲೆ ಮಾತ್ರ ಬಣ್ಣದ ಲೇಪ. ಹಳೇ ಕಾರ್ಬ್ಯುರೇಟರು, ಆಟಿಕೆ ಕಾರು, ನಲ್ಲಿ ಹಿಡಿ ಇವೆಲ್ಲಾ ಹೆಚ್ಚಾಗಿ ಇದೇ ಲೋಹ. ಅಡಿಭಾಗದಲ್ಲಿ ಕಾಣದ ಕಡೆ ಅರ ಹಾಕಿ ನೋಡಿ, ಒಳಗೆ ಹಳದಿ ಬಂದ್ರೆ ಹಿತ್ತಾಳೆ, ಬೂದು ಬಂದ್ರೆ ಉರಿ ಪಕ್ಕಕ್ಕಿಡಿ. ಅಲ್ಯೂಮಿನಿಯಂ ಕೂಡ 660ಕ್ಕೆ ಕರಗೋದ್ರಿಂದ ಈ ರಾಡಿಗೆ ಅದೂ ಹೊರಗೇ. ಇಂಥವಕ್ಕೆ ಬೋಲ್ಟು, ರಿವೆಟ್ಟು, ಇಲ್ಲಾ ಸ್ಟೀಲ್ ಪುಡಿ ಬೆರೆಸಿದ ಎಪಾಕ್ಸಿ. ಎಪಾಕ್ಸಿ ಬಗ್ಗೆ ತಾತ್ಸಾರ ಬೇಡ, 80 ನಂಬರ್ ಎಮರಿಯಲ್ಲಿ ಉಜ್ಜಿ ಒರೆಸಿ ಹಚ್ಚಿದ್ರೆ ಜಾರೋ ಬಲಕ್ಕೆ ಚೆನ್ನಾಗಿ ತಡ್ಕೊಳ್ಳುತ್ತೆ, ಅಂಚಿಂದ ಸುಲಿಯೋ ಬಲಕ್ಕೆ ಮಾತ್ರ ಸೋಲುತ್ತೆ. ಆಮೇಲೆ ಇನ್ನೊಂದು ಹಿಡಿ ಹುಡುಕಿ, ಒಳಗೆ ತೂತು ಕೊರೆದು ಸ್ಟೀಲ್ ಪಿನ್ ಹಾಕಿ ಅದಕ್ಕೆ ಎಪಾಕ್ಸಿ ತುಂಬಿ ಕೊಕ್ಕು ಕೂರಿಸಿದೆ.

1918ರಲ್ಲಿ ಹೂಲಿಯೋ ಗೊನ್ಸಾಲೆಸ್ ಅನ್ನೋ ಶಿಲ್ಪಿ ರೆನೋ ಕಾರ್ಖಾನೇಲಿ ಗ್ಯಾಸ್ ವೆಲ್ಡಿಂಗ್ ಕಲಿತ, ಹತ್ತು ವರ್ಷದ ಮೇಲೆ ಪಿಕಾಸೊಗೆ ಲೋಹ ಕೆಲಸದಲ್ಲಿ ಕೈಜೋಡಿಸಿದ. ಆ ಪಿಕಾಸೊ 1942ರಲ್ಲಿ ಸೈಕಲ್ ಸೀಟು, ಹ್ಯಾಂಡಲ್ಲು ಎರಡೇ ಸೇರಿಸಿ ಹೋರಿ ತಲೆ ಮಾಡಿದ, ಆಮೇಲೆ ಅದನ್ನ ಕಂಚಲ್ಲಿ ಎರಕ ಹೊಯ್ಸಿದ್ದೂ ಇದೆ. ಕಂಚಾದ ಮೇಲೆ ಎಲ್ಲಾ ಒಂದೇ ಲೋಹ, ಒಂದೇ ಬಣ್ಣ. ನನಗೆ ಅದು ಬೇಡ ಅನ್ಸುತ್ತೆ. ಚಕ್ರ ಚಕ್ರವಾಗೇ ಕಾಣಬೇಕು, ಸ್ಪೂನಿಗೆ ಸ್ಪೂನಿನ ಹೊಳಪೇ ಇರಬೇಕು, ಆದ್ರೂ ಕೊಕ್ಕರೆ ನಿಂತಿರಬೇಕು. ಅದಕ್ಕೆ ಜಾಯಿಂಟು ದೊಡ್ಡ ಗಂಟಾಗಿ ಎದ್ದು ಕಾಣಬಾರದು, ಈ ರಾಡು ಅದನ್ನ ಮಾಡಿಕೊಡುತ್ತೆ. ಸ್ಟೀಲಿಗೆ ಸ್ಟೈನ್‌ಲೆಸ್ ಸೇರಿದ ಕಡೆ ಗೆರೆ ಕಾಣೋದೇ ಇಲ್ಲ. ತಾಮ್ರಕ್ಕೆ ಹಿತ್ತಾಳೆ ಸೇರಿದ ಕಡೆ ಮಾತ್ರ ಬೆಳ್ಳಿ ಗೆರೆ ಮಾಸಲು ಬಿಳಿಯಾಗಿ ಎದ್ದು ನಿಲ್ಲುತ್ತೆ. ಅದು ಕಣ್ಣಿಗೆ ಚುಚ್ಚುತ್ತೆ ಅನ್ನೋರು ಟಿಗ್ (ಟಂಗ್‌ಸ್ಟನ್ ಕಡ್ಡಿಯ ಕಿಡಿಯಲ್ಲಿ ಬೆಸೆಯೋ ಮೆಷಿನ್ನು) ಇದ್ರೆ ಸಿಲಿಕಾನ್ ಬ್ರಾಂಜ್ ರಾಡ್ ನೋಡಿ, 3 ಪರ್ಸೆಂಟ್ ಸಿಲಿಕಾನ್, ಉಳಿದಿದ್ದು ಹೆಚ್ಚೂಕಮ್ಮಿ ತಾಮ್ರವೇ, ಬಣ್ಣ ಬೆಚ್ಚಗಿರುತ್ತೆ, ಅಗಲ ಸಂದಿಯನ್ನೂ ತುಂಬುತ್ತೆ, ಆದ್ರೆ ಬಿಸಿ ಸಾವಿರ ಡಿಗ್ರಿ ಹತ್ರ ಬೇಕು, ಹಿತ್ತಾಳೆ ಆ ಬಿಸಿಗೆ ಉಳಿಯಲ್ಲ, ಹಾಗಾಗಿ ಹಿತ್ತಾಳೆ ಇಲ್ಲದ ಜಾಯಿಂಟಿಗೆ ಮಾತ್ರ.

ಕೆಲಸ ಮುಗಿದ ಮೇಲೆ ಫ್ಲಕ್ಸ್ ತೊಳೆಯೋದು ಮರೀಬೇಡಿ, ಉಳಿದ ಗಾಜಿನಂಥ ಪೊರೆ ತೇವ ಹೀರಿ ಲೋಹ ತಿನ್ನುತ್ತೆ. ಬಿಸಿನೀರಲ್ಲಿ ನೆನೆಹಾಕಿ ಬ್ರಷ್ ಆಡಿಸಿದ್ರೆ ಬಿಡುತ್ತೆ, ಬೀಡು ಇದ್ರೆ ಮಾತ್ರ ಪೂರ್ತಿ ಆರಿದ ಮೇಲೇ ನೀರಿಗೆ ಹಾಕಿ. ಹೊರಗೆ ಇಡೋದಾದ್ರೆ ತಾಮ್ರಕ್ಕೂ ಕಬ್ಬಿಣಕ್ಕೂ ನಡುವೆ ನೀರು ನಿಂತ್ರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ, ದೊಡ್ಡ ತಾಮ್ರದ ತಗಡಿಗೆ ಸಣ್ಣ ಕಬ್ಬಿಣದ ಬೋಲ್ಟು ಹಾಕಿದ್ರಂತೂ ಬೋಲ್ಟೇ ಮೊದಲು ಹೋಗೋದು. ನೀರು ಹರಿದು ಹೋಗೋಕೆ ಸಣ್ಣ ತೂತು ಬಿಟ್ಟು ಮೇಲೆ ಮೇಣ ಸವರಿದ್ದೀನಿ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಕಡಿಮೆ ಆಗಿದ್ದು ಆ ಹರಳು ಕಟ್ಟಿದ ಡಬ್ಬಿಗೆ. ಬೆಳ್ಳಿ ಇರೋದ್ರಿಂದ ರಾಡು ಅಗ್ಗದ್ದಲ್ಲ, ಆದ್ರೆ ಸಂದಿ ಸರಿಯಾಗಿದ್ರೆ ಒಂದು ಜಾಯಿಂಟಿಗೆ ಕಡ್ಡಿ ಹೆಚ್ಚೇನೂ ಖರ್ಚಾಗಲ್ಲ, ಹತ್ತು ಕಡ್ಡೀಲಿ ಇಡೀ ಕೊಕ್ಕರೆ ಆಗಿ ಇನ್ನೂ ಮೂರು ಉಳಿದಿದೆ. ಮುಂದಿನದು ಆಮೆ, ಚಿಪ್ಪಿಗೆ ಒಂದು ಕ್ಲಚ್ ಪ್ಲೇಟ್ ಎತ್ತಿಟ್ಟಿದ್ದೀನಿ.